ತೋಳಿನ ಮೇಲಿನ ದೃಷ್ಟಿಬೊಟ್ಟು

ನಮ್ಮ ಕಣ್ಣಾಸ್ಪತ್ರೆಯ ಪೂರ್ವದಿಕ್ಕಿನ ಪಡಸಾಲೆಗೆ ಬೆಳಗಿನ ಹೊತ್ತು ಹೊಸಬರು ಬಂದರೆ ಒಂದು ಗಳಿಗೆ ನಿಂತು ನೋಡುತ್ತಾರೆ. ಉದ್ದನೆಯ ಬೆಂಚುಗಳ ಮೇಲೆ ಹೆಂಗಸರು ಗಂಡಸರು ಸಾಲಾಗಿ ಕೂತು, ಎಡಗೈಯ ಬಟ್ಟೆ ಮೇಲಕ್ಕೆ ಮಡಚಿ, ಮುಂಗೈಯ ಒಳಮೈಯನ್ನು ಬಿಸಿಲಿಗೆ ಒಡ್ಡಿರುತ್ತಾರೆ. ಹೆಚ್ಚು ಮಾತಿರುವುದಿಲ್ಲ. ಹಪ್ಪಳ ಒಣಗಿಸಿದ ಹಾಗೆ ಕೈ ಒಣಗಿಸುತ್ತ ಕೂತಿದ್ದೀರಲ್ಲ ಎಂದು ನಾನು ಚೇಷ್ಟೆ ಮಾಡಿದರೆ ಹಳಬರು ನಗುತ್ತಾರೆ, ಹೊಸಬರು ನಗುವುದಿಲ್ಲ. ಪ್ರತಿಯೊಬ್ಬರ ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಚರ್ಮದ ಕೆಳಗೆ, ತೊಗರಿಬೇಳೆಯಷ್ಟು ಅಗಲದ ಕಪ್ಪು ಮಚ್ಚೆಯೊಂದು ಇರುತ್ತದೆ. ನಾವು ಅದಕ್ಕೆ ಕೊಟ್ಟ ಶಾಸ್ತ್ರೀಯ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಗದಗ-ಬೆಟಗೇರಿಯ ಜನ ಅದನ್ನು ದೃಷ್ಟಿಬೊಟ್ಟು ಎಂದರು. ಈಗ ನಾವೂ ಹಾಗೆಯೇ ಅನ್ನುತ್ತೇವೆ.

ಗುಲಾಲ ಜ್ವರದ ವರ್ಷವನ್ನು ಮರೆತವರು ಯಾರೂ ಇರಲಾರರು. ಮೊದಲು ಕಣ್ಣು ಗುಲಾಲು ಎರಚಿದಂತೆ ಕೆಂಪಾಗುತ್ತಿತ್ತು, ಆಮೇಲೆ ಮೈ ಸುಡುತ್ತಿತ್ತು. ಹೋದವರು ಹೋದರು. ಉಳಿದವರು ದೇವರು ದೊಡ್ಡವನು ಅಂದುಕೊಂಡು ಮನೆಗೆ ನಡೆದರು. ಅವರಲ್ಲಿ ಕೆಲವರಿಗೆ ವರ್ಷ ಕಳೆದ ಮೇಲೆ ಕಣ್ಣಿಗೆ ಮಂಜು ಕವಿಯತೊಡಗಿತು. ಮೊದಲು ಬಣ್ಣಗಳು ಸಪ್ಪಗಾಗುತ್ತವೆ, ಆಮೇಲೆ ಮುಖಗಳು ಅಳಿಸುತ್ತವೆ. ನನಗೂ ಜ್ವರ ಬಂದುಹೋಗಿತ್ತು. ಮಂಜು ಅಂದರೇನು ಎಂದು ನಾನು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ರೋಗಿಗಳಿಗೆ ತಿಳಿಯುವ ಹಾಗೆ ಹೇಳುವುದರಲ್ಲಿ ನಾನು ಗಟ್ಟಿಗಿತ್ತಿ ಎಂದು ಹೆಸರಿದೆ. ಅವರಿಗೆ ಹೀಗೆ ಹೇಳುತ್ತಿದ್ದೆ: ನಮ್ಮ ಮೈಯೊಳಗೆ ಕಾವಲುಗಾರರಿದ್ದಾರೆ. ಹೊರಗಿನಿಂದ ಬಂದ ರೋಗಾಣುವನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವುದು ಅವರ ಕೆಲಸ. ಮೈಯೆಲ್ಲ ತಿರುಗುವ ಈ ಕಾವಲುಗಾರರಿಗೆ ಕಣ್ಣಿನೊಳಗೆ ಮಾತ್ರ ಪ್ರವೇಶವಿಲ್ಲ, ಅಲ್ಲೊಂದು ಗೋಡೆಯಿದೆ. ಹುಟ್ಟಿದಾಗಿನಿಂದ ಅವರು ಕಣ್ಣನ್ನು ಕಂಡೇ ಇಲ್ಲ. ಗುಲಾಲ ಜ್ವರದ ವೈರಸ್ಸು ಆ ಗೋಡೆಯನ್ನು ಒಡೆಯಿತು. ಅಷ್ಟೇ ಆಗಿದ್ದರೆ ನಡೆಯುತ್ತಿತ್ತು. ಆದರೆ ಆ ವೈರಸ್ಸಿನ ಮೈಮೇಲಿನ ಒಂದು ಪ್ರೋಟೀನು ನಮ್ಮ ಕಣ್ಣಿನ ಹಿಂಭಾಗದ ಪರದೆಯಲ್ಲಿರುವ ಒಂದು ಪ್ರೋಟೀನನ್ನು ಹೋಲುತ್ತದೆ. ವೈರಸ್ಸು ಸತ್ತ ಮೇಲೂ ಕಾವಲುಗಾರರು ಒಡೆದ ಗೋಡೆಯಿಂದ ಇಣುಕಿ ನೋಡಿ, ಕಳ್ಳ ಇಲ್ಲೇ ಕೂತಿದ್ದಾನೆ ಎಂದು ಸ್ವಂತ ಕಣ್ಣನ್ನೇ ಹೊಡೆಯುತ್ತಾರೆ.

ಕಾವಲುಗಾರರನ್ನು ಮಲಗಿಸುವ ಔಷಧಿ ಕೊಟ್ಟು ನೋಡಿದೆವು. ಅವರು ಮಲಗಿದ ಕೂಡಲೇ ಮೈಯ ಯಾವುದೋ ಮೂಲೆಯಲ್ಲಿ ಅಡಗಿದ್ದ ಜ್ವರ ಎದ್ದು ಕೂತಿತು. ಕಣ್ಣು ಉಳಿಸಲು ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಆಗ ನಮ್ಮ ಜೀವಕೋಶ ಪ್ರಯೋಗಾಲಯದ ಇಕ್ಬಾಲ ಸವಣೂರ ಒಂದು ಮಾತು ಕೇಳಿದ. ಇವರನ್ನು ತಡೆಯಲಿಕ್ಕೆ ಆಗುವುದಿಲ್ಲ ಅಂದಮೇಲೆ ದಾರಿ ತಪ್ಪಿಸಿದರೆ ಹೇಗೆ?

ಹಾಗೆ ಹುಟ್ಟಿದ್ದು ಈ ಬೊಟ್ಟು. ಚರ್ಮದ ಜೀವಕೋಶವನ್ನು ತಟ್ಟೆಯಲ್ಲಿ ಸಾಕಿ, ಅದನ್ನು ಕಣ್ಣಿನ ಪರದೆಯ ಜೀವಕೋಶವಾಗಿ ಬೆಳೆಸಿ, ಒಂದು ಚೂರನ್ನು ತೋಳಿನಲ್ಲಿ ಹುಗಿಯುತ್ತೇವೆ. ಕಾವಲುಗಾರರಿಗೆ ತೋಳು ಹತ್ತಿರದ ಜಾಗ, ಅಲ್ಲಿ ಗೋಡೆಯಿಲ್ಲ. ಎಲ್ಲರೂ ಅಲ್ಲಿಗೇ ಓಡುತ್ತಾರೆ. ಕಣ್ಣಿಗೆ ಬೀಳುವ ಹೊಡೆತವನ್ನೆಲ್ಲ ಇದು ತಿನ್ನುತ್ತದೆ, ನಿಮ್ಮ ಕಣ್ಣು ಉಳಿಯುತ್ತದೆ ಎಂದು ನಾನು ರೋಗಿಗಳಿಗೆ ಹೇಳುತ್ತಿದ್ದೆ. ಕೂಸಿನ ಕೆನ್ನೆಯ ಮೇಲಿನ ಬೊಟ್ಟೂ ಅದೇ ಕೆಲಸ ಮಾಡುತ್ತದೆ ಎಂದು ನಂಬಿದ ಜನಕ್ಕೆ ಹೆಚ್ಚು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಒಂದೇ ಒಂದು ಷರತ್ತಿತ್ತು. ಆ ಪ್ರೋಟೀನು ಬೆಳಕಿದ್ದರೆ ಮಾತ್ರ ಜೀವಕೋಶದ ಅಂಚಿಗೆ ಬಂದು ನಿಲ್ಲುತ್ತದೆ, ಕತ್ತಲಾದರೆ ಒಳಗೆ ಸರಿಯುತ್ತದೆ. ಅಂಚಿನಲ್ಲಿ ಕಾಣದಿದ್ದರೆ ಕಾವಲುಗಾರರು ಮತ್ತೆ ಕಣ್ಣಿನ ಕಡೆ ತಿರುಗುತ್ತಾರೆ. ಅದಕ್ಕೇ ಈ ಬೆಳಗಿನ ಬಿಸಿಲು.

ನೀಲಗಂಗವ್ವ ಬಳಿಗಾರ ಮಗಳನ್ನು ಕರೆದುಕೊಂಡು ಬಂದದ್ದು ದೀಪಾವಳಿ ಕಳೆದ ಮೇಲೆ. ಬೆಟಗೇರಿಯಲ್ಲಿ ಆಕೆಗೆ ಬಳೆಯ ಅಂಗಡಿ. ಗಂಡ ತೀರಿ ಬಹಳ ವರ್ಷವಾಗಿತ್ತು. ಮಗ ಗುರುಪಾದ ಗುಲಾಲ ಜ್ವರದಲ್ಲಿ ಹೋಗಿದ್ದ. ಉಳಿದವಳು ಕಸ್ತೂರಿ ಒಬ್ಬಳು, ಹತ್ತೊಂಬತ್ತರ ಹುಡುಗಿ. ಅವಳಿಗೆ ಹಸಿರು ಬಳೆ ಯಾವುದು, ನೀಲಿ ಯಾವುದು ತಿಳಿಯದಂತಾಗಿತ್ತು. ಗಿರಾಕಿಯೊಬ್ಬಳು ಮದುವೆಗೆಂದು ಹಸಿರು ಕೇಳಿದಾಗ ಇವಳು ಕಪ್ಪು ತೆಗೆದುಕೊಟ್ಟು, ಅಂಗಡಿಯಲ್ಲಿ ಗಲಾಟೆಯಾಗಿತ್ತಂತೆ. ಅದನ್ನು ಹೇಳುವಾಗ ಹುಡುಗಿ ನಕ್ಕಳು. ತಾಯಿ ನಗಲಿಲ್ಲ.

ನೀಲಗಂಗವ್ವ ಮೊದಲು ಮಾಡಿದ ಕೆಲಸವೆಂದರೆ ನನ್ನ ಬಲಗೈ ಹಿಡಿದದ್ದು. ಬಳೆಗಾರರ ಅಭ್ಯಾಸ, ಮುಖಕ್ಕಿಂತ ಮೊದಲು ಕೈ ನೋಡುತ್ತಾರೆ. ಹೆಬ್ಬೆರಳಿನ ಬುಡ ಒತ್ತಿ ನನ್ನ ಅಳತೆ ತಿಳಿದುಕೊಂಡಳು.

"ಬರೇ ಕೈಯಾಗ ಇರ್ತೀರಲ್ರಿ ಬಾಯಾರ," ಅಂದಳು.

ಪ್ರಯೋಗಾಲಯದಲ್ಲಿ ಬಳೆ ನಡೆಯುವುದಿಲ್ಲ ಎಂದು ನಾನು ಹೇಳಿದೆ. ಆಗ ನನ್ನ ಇನ್ನೊಂದು ಕೈ, ಕೋಟಿನ ತೋಳಿನೊಳಗೆ, ಬೆಚ್ಚಗಾದ ನೆನಪು. ಕಾರ್ತಿಕದ ಚಳಿಯಲ್ಲಿ ಬೆಚ್ಚನೆಯ ಕೈಯೊಂದು ಮುಟ್ಟಿದರೆ ಮೈಯೆಲ್ಲ ಬೆಚ್ಚಗಾಗುವುದು ಸಹಜ ಎಂದುಕೊಂಡೆ.

ಕಸ್ತೂರಿಯ ಕಣ್ಣಿಗೆ ಹೆಚ್ಚು ಸಮಯವಿರಲಿಲ್ಲ. ಅವಳದೇ ಜೀವಕೋಶದಿಂದ ಬೊಟ್ಟು ಬೆಳೆಸಲು ಅರ್ಧ ವರ್ಷ ಬೇಕು, ಅಷ್ಟರಲ್ಲಿ ಎರಡೂ ಕಣ್ಣು ಹೋಗುತ್ತಿದ್ದವು. ಅಲ್ಲಿಯವರೆಗೆ ಬೇರೆಯವರದು ಹಾಕಿ ಕಾಯಬೇಕು. ಬೇರೆಯವರದು ಎಲ್ಲರಿಗೂ ಒಗ್ಗುವುದಿಲ್ಲ. ನಮ್ಮಲ್ಲಿದ್ದ ಅಂಗಾಂಶಗಳ ಜೊತೆ ಅವಳ ರಕ್ತವನ್ನು ಹೋಲಿಸಿ ನೋಡಿದ ಇಕ್ಬಾಲ ಬಹಳ ಹೊತ್ತು ಯಂತ್ರದ ಮುಂದಿನಿಂದ ಏಳಲಿಲ್ಲ. ಆಮೇಲೆ ನನ್ನನ್ನು ಕರೆದ. ಒಂದು ಅಂಗಾಂಶ ಅವಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ ಎಂದ. ಅದನ್ನು ಕೊಟ್ಟವನ ಹೆಸರು ಹುಡುಕಿದಾಗ ಗುರುಪಾದ ಬಳಿಗಾರ ಎಂದು ಬಂದಿತ್ತು. ಜ್ವರದ ವಾರ್ಡಿನಲ್ಲಿದ್ದಾಗ, ಸಂಶೋಧನೆಗೆಂದು, ತಾಯಿಯ ಒಪ್ಪಿಗೆ ಪಡೆದು ಅವನ ಚರ್ಮದ ಚೂರೊಂದನ್ನು ತೆಗೆದುಕೊಂಡಿದ್ದರು. ಇಕ್ಬಾಲ ನನ್ನ ಮುಖ ನೋಡಿದ. ಆಮೇಲೆ ನನ್ನ ತೋಳಿನ ಕಡೆ ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದ.

ನೀಲಗಂಗವ್ವನಿಗೆ ವಿಷಯ ತಿಳಿಸಿದೆ. ನಿಮ್ಮ ಮಗನ ಚರ್ಮದಿಂದ ಬೆಳೆಸಿದ ಒಂದು ಚೂರು ನಮ್ಮಲ್ಲಿದೆ, ತಂಗಿಗೆ ಅದು ಹೊಂದುತ್ತದೆ ಎಂದೆ. ಆಕೆ ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಜೀವ ಐತೇನ್ರಿ ಅದಕ್ಕ ಎಂದು ಕೇಳಿದಳು. ಇದೆ ಎಂದೆ. ಕಣ್ಣೇನ್ರಿ ಎಂದು ಕೇಳಿದಳು. ಕಣ್ಣಿನ ಒಂದು ಭಾಗ ಎಂದೆ. ಹೊಡೆತ ತಿನ್ನುವ ಮಾತನ್ನೂ, ಬಿಸಿಲಿನ ಷರತ್ತನ್ನೂ ಎಂದಿನ ಹಾಗೆ ಬಿಡಿಸಿ ಹೇಳಿದೆ. ತಾಯಿ ಎಲ್ಲ ಕೇಳಿಸಿಕೊಂಡು, ಅಣ್ಣ ಇದ್ದಾಗಲೂ ತಂಗಿ ಮೇಲಿನ ಹೊಡೆತ ಅವನೇ ತಿನ್ನುತ್ತಿದ್ದ ಎಂದಳು.

ಬೊಟ್ಟು ಹಾಕಿ ಎರಡು ತಿಂಗಳಾಗುವಷ್ಟರಲ್ಲಿ ಕಸ್ತೂರಿಯ ಮಂಜು ತೆಳುವಾಯಿತು. ಒಮ್ಮೆ ಊಟಕ್ಕೆ ಬರಲೇಬೇಕೆಂದು ಹೇಳಿಕಳಿಸಿದರು. ರೋಗಿಗಳ ಮನೆಗೆ ನಾನು ಹೋಗುವವಳಲ್ಲ, ಆದರೆ ಈ ಮನೆಗೆ ಹೋದೆ. ಯಾಕೆ ಹೋದೆ ಎಂದು ಆಗ ಯಾರಾದರೂ ಕೇಳಿದ್ದರೆ ಸಜ್ಜಿರೊಟ್ಟಿ, ಎಣ್ಣೆಗಾಯಿಯ ಆಸೆಗೆ ಅನ್ನುತ್ತಿದ್ದೆ.

ಅಂಗಡಿಯೂ ಮನೆಯೂ ಒಂದೇ. ಮುಂದಿನ ಕೋಣೆಯ ಗೋಡೆಗೆಲ್ಲ ಸರಳು ಹೊಡೆದು ಬಳೆ ನೇತು ಹಾಕಿದ್ದರು. ಕಿಟಕಿಯ ಬಿಸಿಲು ಅವುಗಳ ಮೂಲಕ ಹಾದು ನೆಲದ ಮೇಲೆ ಬಣ್ಣಬಣ್ಣವಾಗಿ ಬಿದ್ದಿತ್ತು. ಆ ಬಣ್ಣದ ನಡುವೆ ಕಸ್ತೂರಿ ತೋಳು ಚಾಚಿ ಕೂತು, ಒಂದೊಂದೇ ಬಳೆ ಎತ್ತಿ ಹಿಡಿದು ಇದು ನವಿಲಗರಿ, ಇದು ಗಿಳಿಹಸಿರು, ಇದು ಈರುಳ್ಳಿ ಬಣ್ಣ ಎಂದು ನನಗೆ ಪಾಠ ಒಪ್ಪಿಸಿದಳು. ಬಣ್ಣ ಹೊಂದಿಸುವುದು ಗುರುಪಾದನ ವಿದ್ಯೆಯಂತೆ. ಬಾಗಿಲಲ್ಲಿ ಸೀರೆಯ ಸೆರಗು ಕಂಡರೆ ಸಾಕು, ಆ ಹೆಂಗಸು ಕೂಡುವುದರೊಳಗೆ ಅವಳಿಗೆ ಬೇಕಾದ ಬಳೆ ಅವನ ಕೈಯಲ್ಲಿರುತ್ತಿತ್ತಂತೆ. ಅವನು ತೆಗೆದುಕೊಟ್ಟದ್ದನ್ನು ಯಾರೂ ಬೇಡವೆನ್ನುತ್ತಿರಲಿಲ್ಲ.

ನೀಲಗಂಗವ್ವ ಬಡಿಸುತ್ತ, ಮಾತಿನ ನಡುವೆ ಸಲೀಸಾಗಿ ಒಂದು ಪ್ರಶ್ನೆ ಕೇಳಿದಳು. ದಿನವೂ ಹೊಡೆತ ತಿನ್ನುವ ಆ ಚೂರಿಗೆ ನೋವಾಗುವುದಿಲ್ಲವೇ ಎಂದು. ನೋವು ತಿಳಿಯಲು ಮಿದುಳು ಬೇಕು, ಆ ಚೂರಿಗೆ ಮಿದುಳಿಲ್ಲ ಎಂದು ನಾನು ಹೇಳಿದೆ. ಶಾಸ್ತ್ರದ ಪ್ರಕಾರ ಅದು ಸರಿಯಾದ ಉತ್ತರ. ಆಕೆ ತಲೆಯಾಡಿಸಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಯುಗಾದಿಯ ಹೊತ್ತಿಗೆ ಕಸ್ತೂರಿಯ ಕಣ್ಣು ಮತ್ತೆ ಕೆಟ್ಟಿತು. ಈ ಸಲ ಭರಾಟೆ ಜೋರಾಗಿತ್ತು. ಎಡಗಣ್ಣಿನ ನಡುಭಾಗದ ನೋಟ ಪೂರ್ತಿ ಹೋಯಿತು, ಬಲಗಣ್ಣು ಅದರ ಹಿಂದೆಯೇ ಹೊರಟಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ತೋಳಿನ ಬೊಟ್ಟು ನೋಡಿದರೆ ಕಪ್ಪಗೆ, ದುಂಡಗೆ, ಆರೋಗ್ಯವಾಗಿ ಕೂತಿತ್ತು. ದಿನಾ ಬಿಸಿಲಿಗೆ ಕೂಡುತ್ತೀಯಾ ಎಂದು ಗದರಿಸಿ ಕೇಳಿದೆ. ಕೂಡುತ್ತೇನೆ ಎಂದು ಹುಡುಗಿ ಅಳುತ್ತ ಆಣೆ ಮಾಡಿದಳು. ತಾಯಿ ಪಕ್ಕದಲ್ಲಿ ನಿಂತು, ಹೌದು, ದಿನಾ ಕೂಡುತ್ತಾಳೆ ಎಂದಳು. ಆಕೆ ಸುಳ್ಳು ಹೇಳುವ ಹೆಂಗಸಲ್ಲ.

ಬೊಟ್ಟಿನಿಂದ ಸೂಜಿಮೊನೆಯಷ್ಟು ಅಂಗಾಂಶ ತೆಗೆದು ಇಕ್ಬಾಲನಿಗೆ ಕೊಟ್ಟೆ. ಮಧ್ಯಾಹ್ನ ಅವನು ಸೂಕ್ಷ್ಮದರ್ಶಕದ ಪರದೆಯ ಮುಂದೆ ನನ್ನನ್ನು ಕೂಡಿಸಿದ. ಹಸಿರಾಗಿ ಹೊಳೆಯಬೇಕಾದ ಪ್ರೋಟೀನು ಜೀವಕೋಶದ ಅಂಚಿನಲ್ಲಿ ಎಲ್ಲೂ ಇರಲಿಲ್ಲ. ಅಷ್ಟೂ ಒಳಗೆ ಸರಿದು ಮುದುಡಿ ಕೂತಿತ್ತು.

"ಇದು ಬಿಸಲಾಗ ಇದ್ದ ಕಣ್ಣಲ್ರಿ ಡಾಕ್ಟರ," ಅಂದ ಇಕ್ಬಾಲ. "ಇದು ಕತ್ತಲಾಗ ಇದ್ದ ಕಣ್ಣು. ಯಾರೋ ಮುಚ್ಚ್ಯಾರ ಇದನ್ನ."

ಮರುದಿನ ಬೆಳಿಗ್ಗೆ ಯಾರಿಗೂ ತಿಳಿಸದೆ ಬೆಟಗೇರಿಗೆ ಹೋದೆ. ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳು ತಿರುಗದೆ ನಿಂತಿದ್ದವು, ಎಲೆ ಅಲ್ಲಾಡದ ಬಿಸಿಲು. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಕಸ್ತೂರಿ ಕಿಟಕಿಯ ಬಿಸಿಲಿನಲ್ಲಿ ತೋಳು ಚಾಚಿ ಕೂತಿದ್ದಳು, ಹೇಳಿದ ಹಾಗೆಯೇ. ತಾಯಿ ಅವಳ ಮುಂದೆ ಮಂಡಿಯೂರಿ ಕೂತಿದ್ದಳು. ಎಡಗೈಯಲ್ಲಿ ಕಾಡಿಗೆಯ ಭರಣಿ. ಬಲಗೈಯ ತೋರುಬೆರಳಿನಿಂದ ಆ ಕಪ್ಪು ಮಚ್ಚೆಯ ಮೇಲೆ, ಅಂಚು ತಪ್ಪದ ಹಾಗೆ, ನಿಧಾನವಾಗಿ ಕಾಡಿಗೆ ಬಳಿಯುತ್ತಿದ್ದಳು.

ಕಪ್ಪಿನ ಮೇಲೆ ಕಪ್ಪು. ಆಸ್ಪತ್ರೆಗೆ ಬರುವ ದಿನ ಎಣ್ಣೆ ಹಚ್ಚಿ ಒರೆಸಿ ಕರೆತರುತ್ತಿದ್ದಳಂತೆ. ಕಸ್ತೂರಿಗೆ ಅವ್ವ ದೃಷ್ಟಿ ತಾಗಬಾರದೆಂದು ಬೊಟ್ಟು ಇಡುತ್ತಾಳೆ ಎಂದಷ್ಟೇ ಗೊತ್ತಿತ್ತು. ಹುಟ್ಟಿದಾಗಿನಿಂದ ಇಡಿಸಿಕೊಂಡವಳು, ಅನುಮಾನ ಪಡಲು ಕಾರಣವೇನಿತ್ತು? ಬಾಗಿಲಲ್ಲೇ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಹೆತ್ತ ಮಗಳ ಕಣ್ಣನ್ನು ಸ್ವಂತ ಬೆರಳಿನಿಂದ ತೆಗೆದೆಯಲ್ಲ ಎಂದುಬಿಟ್ಟೆ. ಆಮೇಲೆ ಆ ಮಾತು ಆಡಬಾರದಿತ್ತು ಎನಿಸಿತು, ಆದರೆ ಆಡಿಯಾಗಿತ್ತು.

ನೀಲಗಂಗವ್ವ ಭರಣಿಯ ಮುಚ್ಚಳ ಹಾಕಿದಳು. ಓಡಿಹೋಗುವವಳ ಹಾಗಿರಲಿಲ್ಲ, ಅವಮಾನವಾದವಳ ಹಾಗೂ ಇರಲಿಲ್ಲ. ಬಹಳ ದಣಿದಿದ್ದಳು.

"ಅಂವ ಸತ್ತಾಗ ನನ್ನ ಒಳಗ ಬಿಡಲಿಲ್ರಿ ಬಾಯಾರ," ಅಂದಳು. "ಚೀಲದಾಗ ಕಟ್ಟಿ ಕೊಟ್ರು, ತಗದು ನೋಡಬ್ಯಾಡ್ರಿ ಅಂದ್ರು. ಅವನ ಕಣ್ಣ ಯಾರರೆ ಮುಚ್ಚಿದ್ರೋ, ಹಂಗ ತೆರಕೊಂಡ ಮಣ್ಣಿಗಿ ಹೋದ್ನೋ, ನನಗ ಗೊತ್ತಿಲ್ಲ. ಈಗ ನೋಡಿದ್ರ ಇಲ್ಲೆ ತೆರಕೊಂಡ ಕುಂತಾನ. ಮುಂಜಾನಿಂದ ಸಂಜೀತನಾ ಹೊಡತ ತಿನ್ನಾಕತ್ತಾನ, ನೀವ ಹೇಳೀರಿ. ನಾ ಪೂರಾ ಮುಚ್ಚಬೇಕಂತ ಮಾಡಿರಲಿಲ್ರಿ. ದಿನಾ ಒಂದೀಟ ಹೊತ್ತು ಕಣ್ಣ ಮುಚ್ಚಲಿ ಅಂದಕೊಂಡೆ. ಆಮ್ಯಾಲ ಒರಸಾಕ ಮನಸ ಆಗಲಿಲ್ಲ."

ಹೊಡೆತ ತಿನ್ನುತ್ತದೆ ಎಂದವಳು ನಾನೇ. ಎಲ್ಲರಿಗೂ ತಿಳಿಯುವ ಹಾಗೆ ಹೇಳಿದ್ದೆ. ತಾಯಿಗೆ ಚೆನ್ನಾಗಿಯೇ ತಿಳಿದಿತ್ತು.

ಮಾತಾಡಿದವಳು ಕಸ್ತೂರಿ. ಅಷ್ಟು ಹೊತ್ತು ಅವಳು ತನ್ನ ತೋಳನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದಳು.

"ಅವ್ವಾ, ನನ್ನ ಒಂದು ಮಾತ ಕೇಳಬೇಕಿತ್ತು ನೀ," ಅಂದಳು. "ಅವನಿಗೆ ಬ್ಯಾನಿ ಏನೂ ಇದ್ದಿದ್ದಿಲ್ಲ. ಮೊದಲ ನೀ ಖೋಲಿಗೆ ಬಂದ ಕೂಡಲೇ ನನ್ನ ಕೈ ಬೆಚ್ಚಗಾಗ್ತಿತ್ತು. ಬ್ಯಾರೆ ಯಾರ ಬಂದ್ರೂ ಆಗ್ತಿರಲಿಲ್ಲ, ನೀ ಬಂದ್ರ ಅಷ್ಟ. ನಾ ಕಣ್ಣ ಮುಚ್ಚಿಕೊಂಡಿದ್ರೂ ಗೊತ್ತಾಗ್ತಿತ್ತು, ಅವ್ವ ಬಂದ್ಲು ಅಂತ. ಈಗ ಎಷ್ಟೋ ದಿನದಿಂದ ಆಗೂದನ ನಿಂತೈತಿ. ಅಂವ ಹೋದ ಅಂತ ತಿಳಕೊಂಡಿದ್ದೆ. ನಿನಗ ಹೇಳಿದ್ರ ಅಳ್ತಿ ಅಂತ ಸುಮ್ಮನಿದ್ದೆ."

ನೀಲಗಂಗವ್ವ ಸೆರಗಿನ ತುದಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಮಗಳ ತೋಳನ್ನು ತೊಡೆಯ ಮೇಲೆಳೆದುಕೊಂಡು ಒರೆಸತೊಡಗಿದಳು. ಒರೆಸಿದಳು, ಒರೆಸಿದಳು. ಕಾಡಿಗೆ ಪೂರ್ತಿ ಹೋದ ಮೇಲೂ ಒರೆಸುತ್ತಿದ್ದಳು, ಯಾಕೆಂದರೆ ಕೆಳಗಿದ್ದದ್ದೂ ಕಪ್ಪೇ, ಎಲ್ಲಿ ನಿಲ್ಲಿಸಬೇಕು ಎಂದು ಆಕೆಗೆ ತಿಳಿಯಲಿಲ್ಲ. ಆಕೆ ಬಾಯಿಬಿಡದೆ ಅಳುತ್ತಿದ್ದಳು. ಮಗನಿಗೆ ನೆರಳು ಮಾಡುತ್ತೇನೆ ಎಂದುಕೊಂಡು ಅವನು ನೋಡುತ್ತಿದ್ದ ಒಂದೇ ಮುಖವನ್ನು ಅವನಿಂದ ಮರೆಮಾಡಿದ್ದಳು.

ಅಲ್ಲಿ ನಿಂತು ನಾನು ಏನಾದರೂ ಹೇಳಬೇಕಿತ್ತು. ಚರ್ಮದ ನರಗಳು ಒಮ್ಮೊಮ್ಮೆ ಆ ಚೂರಿನೊಳಗೆ ಬೆಳೆಯುತ್ತವೆ, ಬೆಳಕು ನೆರಳು ಬದಲಾದರೆ ಬಿಸಿಯ ಭಾಸವಾಗಬಹುದು, ಅದರಲ್ಲಿ ಯಾರೂ ಇಲ್ಲ, ಎಂದು ಹೇಳಬಹುದಿತ್ತು. ನಾನು ಹೇಳಲಿಲ್ಲ. ಯಾಕೆಂದರೆ ಗುಂಡಿ ಹಾಕಿದ ರವಿಕೆಯ ತೋಳಿನೊಳಗೆ, ತೆಳು ಬಟ್ಟೆಯ ಕೆಳಗೆ, ನನ್ನ ಎಡಗೈ ಆಕೆಯ ಬಾಗಿಲಿಗೆ ಬಂದಾಗಿನಿಂದ ಬೆಚ್ಚಗಿತ್ತು.

ಹೌದು, ನನಗೂ ಬೊಟ್ಟಿದೆ. ದಿನಾ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಅದನ್ನು ಕಿಟಕಿಯ ಬಿಸಿಲಿಗೆ ಒಡ್ಡುತ್ತೇನೆ. ನಲವತ್ತು ದಾಟಿದವರ ಜೀವಕೋಶ ತಟ್ಟೆಯಲ್ಲಿ ಸರಿಯಾಗಿ ಬೆಳೆಯುವುದಿಲ್ಲ, ನಮಗೆ ಬೇರೆಯವರದೇ ಗತಿ. ಹೆಚ್ಚಿನವರ ಮೈಗೆ ಒಗ್ಗುವಂಥ ಜೀವಕೋಶ ಸಾವಿರಾರು ಜನರಲ್ಲಿ ಒಬ್ಬರಿಗಿರುತ್ತದೆ. ನಮ್ಮ ಆಸ್ಪತ್ರೆಗೆ ಸಿಕ್ಕ ಆ ಒಬ್ಬ ಯಾರೆಂದು ಕಸ್ತೂರಿಯ ರಕ್ತ ಹೋಲಿಸಿದ ದಿನದವರೆಗೆ ನನಗೂ ತಿಳಿದಿರಲಿಲ್ಲ. ನಿಮ್ಮ ಮಗನ ಒಂದು ಚೂರು ನಮ್ಮಲ್ಲಿದೆ ಎಂದು ತಾಯಿಗೆ ಹೇಳಿದಾಗ ನಾನು ಸುಳ್ಳಾಡಿರಲಿಲ್ಲ. ಉಳಿದದ್ದನ್ನು ಹೇಳಿರಲಿಲ್ಲ, ಅಷ್ಟೆ. ಯಾರದು ಯಾರ ತೋಳಿನಲ್ಲಿದೆ ಎಂದು ಹೊರಗೆ ಹೇಳಬಾರದೆಂಬ ನಿಯಮವಿದೆ. ಆ ನಿಯಮದ ಹಿಂದೆ ನಿಲ್ಲುವುದು ನನಗೆ ಅನುಕೂಲವಾಗಿತ್ತು. ಆಮೇಲೆ ಪಡಸಾಲೆಯಲ್ಲಿ ಆಕೆ ಸಾಲಾಗಿ ಕೂತ ರೋಗಿಗಳ ಮುಂದೆ ಹಾದುಹೋದಾಗ ಒಬ್ಬರಾದ ಮೇಲೆ ಒಬ್ಬರು ತೋಳು ಸವರಿಕೊಳ್ಳುವುದನ್ನು ನಾನು ದೂರದಿಂದ ನೋಡಿದ್ದೇನೆ. ನೋಡಿ ಕೋಣೆಯ ಬಾಗಿಲು ಹಾಕಿಕೊಂಡಿದ್ದೇನೆ.

ಕಸ್ತೂರಿಯದೇ ಜೀವಕೋಶದ ಬೊಟ್ಟು ಅಷ್ಟರಲ್ಲಿ ಸಿದ್ಧವಾಗಿತ್ತು. ಹಳೆಯದು ಬಹಳ ದಿನ ಕತ್ತಲಲ್ಲಿದ್ದು ಒಳಗೊಳಗೇ ಸೊರಗಿತ್ತು. ಅದನ್ನು ತೆಗೆದು ಹೊಸದನ್ನು ಕೂರಿಸಿದೆವು. ಬಲಗಣ್ಣು ಉಳಿಯಿತು. ಎಡಗಣ್ಣಿನಲ್ಲಿ ಹೋದದ್ದು ಬರಲಿಲ್ಲ, ಬರುವುದೂ ಇಲ್ಲ. ಕಸ್ತೂರಿ ಈಗ ಬಳೆಯನ್ನು ಬಲಗಡೆಗೆ ಹಿಡಿದು, ಕತ್ತು ಓರೆ ಮಾಡಿ ಬಣ್ಣ ನೋಡುತ್ತಾಳೆ.

ತೆಗೆದ ಚೂರನ್ನು ಒಮ್ಮೆ ನೋಡಬೇಕೆಂದು ನೀಲಗಂಗವ್ವ ಕೇಳಿದಳು. ಪ್ರಯೋಗಾಲಯಕ್ಕೆ ಹೊರಗಿನವರನ್ನು ಬಿಡುವುದಿಲ್ಲ. ಇಕ್ಬಾಲ ಏನೂ ಕೇಳದೆ ಬಾಗಿಲು ತೆರೆದು, ಆಕೆಗೆ ಒಂದು ಬಿಳಿಯ ನಿಲುವಂಗಿ ತೊಡಿಸಿ ಒಳಗೆ ಕರೆದುಕೊಂಡ. ಗಾಜಿನ ತಟ್ಟೆಯ ನೀರಿನಲ್ಲಿ ಚೂರು ಮುಳುಗಿತ್ತು. ಅದರ ಮಿಡಿತ ಅಳೆಯುವ ತಂತಿಯನ್ನು ಜೋಡಿಸಿದ್ದ, ಮೇಲೆ ಒಂದು ಸಣ್ಣ ದೀಪ. ಪಕ್ಕದ ಪರದೆಯ ಮೇಲೆ ಹಸಿರು ಗೆರೆ ಮೆಲ್ಲಗೆ ಏಳುತ್ತ ಬೀಳುತ್ತ ಸಾಗುತ್ತಿತ್ತು. ಆಕೆ ತಟ್ಟೆಯ ಮೇಲೆ ಬಾಗಿದಳು. ಗೆರೆ ಎತ್ತರಕ್ಕೆ ಜಿಗಿಯಿತು.

ಮುಖದ ನೆರಳು ಬಿದ್ದರೆ ಗೆರೆ ಜಿಗಿಯಬಹುದು. ಯಾವ ಮುಖಕ್ಕಾದರೂ ಜಿಗಿಯುತ್ತದೆಯೇ ಎಂದು ನೋಡಲು ನಾನೂ ಒಮ್ಮೆ ಬಾಗಿದರೆ ಸಾಕಿತ್ತು. ಇಕ್ಬಾಲ ಬಾಗಿದರೂ ಆಗುತ್ತಿತ್ತು. ನಮ್ಮಿಬ್ಬರ ವೃತ್ತಿಯೇ ಅದು. ನಾವಿಬ್ಬರೂ ಬಾಗಲಿಲ್ಲ.

ಬಹಳ ಹೊತ್ತು ನೋಡಿ, ಆಕೆ ಅಂಗೈಯನ್ನು ಬೋಗುಣಿಯ ಹಾಗೆ ಮಡಚಿ ತಟ್ಟೆಯ ಮೇಲೆ ಕವುಚಿದಳು. ಗೆರೆ ಇಳಿಯಿತು, ಮಟ್ಟವಾಯಿತು.

"ಸಾಕಿನ್ನ. ಮಲಗಪಾ," ಅಂದಳು.

ಇಕ್ಬಾಲ ದೀಪ ಆರಿಸಿದ. ಆಕೆ ಕೈ ತೆಗೆದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹೊರಡುವವಳು ಬಾಗಿಲ ಹತ್ತಿರ ನಿಂತು ತಿರುಗಿದಳು.

"ಇಷ್ಟ ಏನ್ರಿ ಅಂವ? ಇನ್ನೆಲ್ಲೂ ಇಲ್ಲ ಹೌದಿಲ್ರಿ?"

ಹೌದು ಎಂದಿದ್ದರೆ ಆಕೆ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದಳು. ಮಗನ ಕಣ್ಣು ಮುಚ್ಚಿಸಿದ್ದಾಗಿತ್ತು, ಎಷ್ಟೋ ದಿನದ ಋಣ ತೀರಿತ್ತು. ಇಕ್ಬಾಲ ಬೇಡವೆನ್ನುವಂತೆ ನನ್ನ ಕಡೆ ನೋಡಿದ. ಮುಂದೇನಾಗಬಹುದು ಎಂಬ ಭಯ ನನಗೂ ಇತ್ತು. ಆಕೆ ಪಡಸಾಲೆಗೆ ಹೋಗಿ ಅಷ್ಟೂ ಜನರ ತೋಳು ಮುಚ್ಚುತ್ತ ಬಂದರೆ? ಒಂದೊಂದು ಬೊಟ್ಟಿನ ಹಿಂದೆ ಒಬ್ಬೊಬ್ಬರ ಕಣ್ಣಿದೆ. ಆದರೆ ಎಡಗೈ ಉರಿಯುವಷ್ಟು ಬೆಚ್ಚಗಾಗಿತ್ತು. ಇದನ್ನು ಇಟ್ಟುಕೊಂಡು ಆಕೆಯ ಮುಂದೆ ಇಲ್ಲ ಎಂದು ಹೇಳಲು ನನ್ನಿಂದಾಗಲಿಲ್ಲ.

ನಾನು ಕೋಟು ತೆಗೆದು, ಒಳಗಿನ ರವಿಕೆಯ ತೋಳಿನ ಗುಂಡಿ ಬಿಚ್ಚಿ ಮೇಲಕ್ಕೆ ಮಡಚಿದೆ.

ನೀಲಗಂಗವ್ವ ನನ್ನ ತೋಳನ್ನು ನೋಡಿದಳು. ಆಮೇಲೆ ಗಾಜಿನ ಬಾಗಿಲಿನಾಚೆ, ಪಡಸಾಲೆಯ ಬಿಸಿಲಿನಲ್ಲಿ ತೋಳು ಚಾಚಿ ಕೂತ ಸಾಲನ್ನು ನೋಡಿದಳು. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಆಕೆಯ ಮುಖ ನಿಧಾನವಾಗಿ ತಿರುಗಿತು. ಅಲ್ಲಿ ಯಾರ ಯಾರ ತೋಳಿನಲ್ಲಿ ಎಂದು ಆಕೆ ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಆಕೆ ನಿಲುವಂಗಿ ಕಳಚಿಟ್ಟು ಹೊರಗೆ ಹೋದಳು.

ಮೂರನೆಯ ದಿನ ಬೆಳಿಗ್ಗೆ ಪಡಸಾಲೆಯಲ್ಲಿ ಗಲಗಲ ಸದ್ದು ಕೇಳಿ ಎದ್ದು ಬಂದೆ. ಆಕೆ ಬಳೆಯ ಬುಟ್ಟಿ ಇಳಿಸಿ, ಬೆಂಚಿನ ಸಾಲಿನ ಮುಂದೆ ಕೂತಿದ್ದಳು. ಪಕ್ಕದಲ್ಲಿ ಕಸ್ತೂರಿ. ಕಾವಲಿನವನು ಎಬ್ಬಿಸಲು ಬಂದಿದ್ದ, ನಾನು ಸನ್ನೆ ಮಾಡಿ ಕಳಿಸಿದೆ. ಒಬ್ಬೊಬ್ಬ ಹೆಂಗಸಿನ ಎಡಗೈಯನ್ನೂ ಮಡಿಲಿಗೆಳೆದುಕೊಂಡು, ಆ ಕಪ್ಪು ಮಚ್ಚೆಯ ಮೇಲೆ ಮುಖ ಬಾಗಿಸಿ, ಬಳೆ ಏರಿಸುತ್ತಿದ್ದಳು. ಯಾವ ಮಚ್ಚೆಯ ಮೇಲೂ ಬೆರಳು ಇಡುತ್ತಿರಲಿಲ್ಲ, ಬಿಸಿಲಿಗೆ ಅಡ್ಡ ಬರುತ್ತಿರಲಿಲ್ಲ. ಏರಿಸಿಯಾದ ಮೇಲೂ ಒಂದು ಗಳಿಗೆ ಕೈ ಬಿಡುತ್ತಿರಲಿಲ್ಲ. ಗಂಡಸರ ಮುಂದೆ ಸುಮ್ಮನೆ ಕೂತು, ಊರು ಯಾವುದು, ಮಕ್ಕಳೆಷ್ಟು ಎಂದು ಕೇಳುತ್ತಿದ್ದಳು. ಅವರಲ್ಲಿ ಒಬ್ಬ ಮುದುಕ, ಈಕೆ ಬಂದು ಕೂತರೆ ಕೈಗೆ ಹಿತವಾಗುತ್ತದೆ, ಮದ್ದು ಗಿದ್ದು ಏನಾದರೂ ಗೊತ್ತಿರಬೇಕು ಎಂದು ನನ್ನ ಕಿವಿಯಲ್ಲಿ ಹೇಳಿದ. ನಾನು ಹೂಂಗುಟ್ಟಿದೆ.

ಸಾಲು ಮುಗಿದ ಮೇಲೆ ನನ್ನನ್ನು ಕರೆದಳು. ನಾನು ಬೆಂಚಿನ ಕೊನೆಗೆ ಕೂತು ರವಿಕೆಯ ತೋಳು ಮೇಲಕ್ಕೆ ಮಡಚಿದೆ. ಪ್ರಯೋಗಾಲಯದಲ್ಲಿ ಬಳೆ ನಡೆಯುವುದಿಲ್ಲ ಎಂದು ಈ ಸಲ ಹೇಳಲಿಲ್ಲ. ಕಸ್ತೂರಿ ನನ್ನ ಸೀರೆಯನ್ನು ಓರೆಗಣ್ಣಿನಿಂದ ನೋಡಿ, ಒಂದು ಕಟ್ಟು ಹಸಿರು, ಒಂದು ಕಟ್ಟು ಈರುಳ್ಳಿ ಬಣ್ಣದ್ದು ತೆಗೆದು ಅವ್ವನ ಕೈಗಿಟ್ಟಳು. ನೀಲಗಂಗವ್ವ ಎರಡನ್ನೂ ಎತ್ತಿದಳು. ನನ್ನ ಮುಖದ ಮುಂದಲ್ಲ, ತೋಳಿನ ಮುಂದೆ.

"ಬಾಯಾರಿಗೆ ಯಾವ್ದು ಹಾಕ್ಲಿ, ಗುರೂ?"

ಹಸಿರು ಹಿಡಿದಾಗ ಏನೂ ಆಗಲಿಲ್ಲ. ಆಕೆ ಹಸಿರನ್ನು ಇಳಿಸಿ ಇನ್ನೊಂದನ್ನು ಬಿಸಿಲಿಗೆ ಹಿಡಿದಳು. ನನಗೆ ತಿಳಿದ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ, ಹುಡುಕುವ ಮನಸ್ಸೂ ನನಗಿಲ್ಲ. ತೋಳು ಬೆಚ್ಚಗಾಯಿತು.

"ಈರುಳ್ಳಿ ಬಣ್ಣದ್ದು," ಎಂದೆ. "ಈರುಳ್ಳಿ ಬಣ್ಣದ್ದು ಹಾಕು ಅಂತಾನ್ರಿ."